ಮೇ ತಿಂಗಳಲ್ಲಿ ನಮ್ಮ ತಾಂಡಾದ ಮನೆಗಳಿಗೆ ಬೀಗ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಅಡುಗೆಮನೆಯ ಕಪಾಟು ಒರೆಸುತ್ತಿದ್ದೆ. ಡಬ್ಬಿಗಳ ಕೆಳಗೆ ಹಾಸಿದ್ದ ಪೇಪರ್ ತೆಗೆದು ನೋಡಿದರೆ ನಿಮ್ಮದೇ ಪತ್ರಿಕೆ, 2023ರ ಮೇ 14ರದ್ದು. ಅರಿಶಿನದ ಕಲೆ ಹತ್ತಿತ್ತು. ಆದರೂ ಜಿಲ್ಲಾವಾರು ಫಲಿತಾಂಶದ ಪಟ್ಟಿ ಓದುವ ಹಾಗೇ ಇತ್ತು. ಕಲಬುರಗಿಯ 9 ಸೀಟಿನಲ್ಲಿ ಕಾಂಗ್ರೆಸ್ 7, ಬಿಜೆಪಿ 2. ಬೀದರಿನ 6ರಲ್ಲಿ ಬಿಜೆಪಿ 4, ಕಾಂಗ್ರೆಸ್ 2. ಯಾದಗಿರಿಯ 4ರಲ್ಲಿ ಕಾಂಗ್ರೆಸ್ 3, ಜೆಡಿಎಸ್ 1. ಒರೆಸುವುದು ಬಿಟ್ಟು ನೆಲದ ಮೇಲೆ ಕೂತು ಪೂರ್ತಿ ಓದಿದೆ. ಓದಿದ ಮೇಲೆ ಈ ಪತ್ರ ಬರೆಯಬೇಕು ಅನಿಸಿತು.

ನಾನು ಚಿಂಚೋಳಿ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆ ಟೀಚರ್ ಆಗಿದ್ದವಳು. ಈಗ ರಿಟೈರ್ಡ್. ಕೆಲವು ವರ್ಷ ನಮ್ಮ ಊರು ಮತ್ತು ಪಕ್ಕದ ಲಂಬಾಣಿ ತಾಂಡಾಕ್ಕೆ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ, ಆಗಿದ್ದೆ. ಅದಕ್ಕೂ ಮೊದಲು ಚುನಾವಣೆ ಡ್ಯೂಟಿಗೆ ಬೇರೆ ತಾಲ್ಲೂಕುಗಳಿಗೆ ಹೋಗಿದ್ದೇನೆ. ಯಾವ ಪಕ್ಷದವಳೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆ ಓಟಿನ ಬಗ್ಗೆ ಬಾಯಿ ತೆರೆದರೆ ಜನ ಮೊದಲು ಕೇಳುವುದೇ ಅದನ್ನು.

2023ರಲ್ಲಿ ಚಿಂಚೋಳಿಯ ಅಂತರ ಎಷ್ಟಿತ್ತು ಅಂತ ನೆನಪಿದೆಯಾ? ಬಿಜೆಪಿಯ ಅವಿನಾಶ್ ಜಾಧವ್ ಅವರು ಕಾಂಗ್ರೆಸ್‌ನ ಸುಭಾಷ್ ರಾಠೋಡ್ ಅವರ ವಿರುದ್ಧ ಗೆದ್ದದ್ದು ಬರೀ 858 ಮತಗಳಿಂದ. ಅವತ್ತು ಟಿವಿಯಲ್ಲಿ ಬೆಂಗಳೂರಿನ ಜಯನಗರದ 16 ಮತದ ಸುದ್ದಿಯೇ ಓಡುತ್ತಿತ್ತು. ನಮ್ಮ 858ನ್ನು ಯಾರೂ ಕೇಳಲಿಲ್ಲ. ಗೆದ್ದವರ ಮೇಲೆ ನನಗೆ ತಕರಾರಿಲ್ಲ, ಸೋತವರ ಪರ ವಕಾಲತ್ತೂ ಇಲ್ಲ. ಆದರೆ ಆ ಅಂಕಿ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಪಕ್ಕದ ತಾಂಡಾದ ಬೀಗ ಹಾಕಿದ ಬಾಗಿಲುಗಳು.

ನಮ್ಮ ಕಡೆಯ ವರ್ಷ ಹೇಗೆ ನಡೆಯುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ರಾಶಿ ಮುಗಿದ ಮೇಲೆ ಹೊಲದಲ್ಲಿ ಕೆಲಸ ಇಲ್ಲ. ನೀರಿದ್ದವರು ಹೇಗೋ ನಡೆಸುತ್ತಾರೆ. ಉಳಿದವರು ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಸೆಂಟ್ರಿಂಗ್, ಗಾರೆ, ರಸ್ತೆ, ಕೇಬಲ್ ಹಾಕಲು ಗುಂಡಿ ತೋಡುವುದು. ಸಣ್ಣ ಮಕ್ಕಳನ್ನೂ ಕರೆದುಕೊಂಡೇ ಹೋಗುತ್ತಾರೆ, ಆ ಸಂಕಟ ಶಾಲೆಯ ಹಾಜರಿ ಪುಸ್ತಕಕ್ಕೆ ಗೊತ್ತು. ವಾಪಸ್ ಬರುವುದು ಜೂನ್‌ನಲ್ಲಿ, ಮಿರಗ ಮಳೆ ಹತ್ತಿದಾಗ. ಅಂದರೆ ಮೇ ತಿಂಗಳಲ್ಲಿ ತಾಂಡಾದಲ್ಲಿ ಉಳಿಯುವುದು ಮುದುಕರು, ಬಾಣಂತಿಯರು, ಕಟ್ಟಿಹಾಕಿದ ಒಂದೆರಡು ಆಡು.

ಈಗ ನಮ್ಮ ಚುನಾವಣೆಗಳ ತಾರೀಖು ನೋಡಿ. ವಿಧಾನಸಭೆ 2008, ಮೇ. 2013, ಮೇ 5. 2018, ಮೇ 12. 2023, ಮೇ 10. ನಡುವೆ ನಮ್ಮ ಶಾಸಕ ಉಮೇಶ್ ಜಾಧವ್ ಅವರು ರಾಜೀನಾಮೆ ಕೊಟ್ಟು, ಕಾಂಗ್ರೆಸ್ ಬಿಟ್ಟು, ಬಿಜೆಪಿಯಿಂದ ಲೋಕಸಭೆಗೆ ಖರ್ಗೆಯವರ ವಿರುದ್ಧ ನಿಂತಾಗ ಚಿಂಚೋಳಿಗೆ ಉಪಚುನಾವಣೆ ಬಂತಲ್ಲ, ಅದೂ 2019ರ ಮೇ 19. ಕಳೆದ ಲೋಕಸಭೆಗೆ ಕಲಬುರಗಿಯಲ್ಲಿ ಮತದಾನ ನಡೆದದ್ದು 2024ರ ಮೇ 7. ಎಲ್ಲ ಮೇ, ಮೇ, ಮೇ! ಬಿಸಿಲು 42 ಡಿಗ್ರಿ, ಊರು ಖಾಲಿ, ಆಗ ಬನ್ನಿ ಓಟು ಹಾಕಿ ಅನ್ನುತ್ತಾರೆ.

ಇದು ಮೊದಲಿನಿಂದ ಹೀಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 1989ರ ಚುನಾವಣೆ ನವೆಂಬರಿನಲ್ಲಿ ನಡೆಯಿತು. ನಮ್ಮ ಚಿಂಚೋಳಿಯವರೇ ಆದ ವೀರೇಂದ್ರ ಪಾಟೀಲರು ಎರಡನೇ ಸಲ ಮುಖ್ಯಮಂತ್ರಿ ಆದದ್ದು ಆಗಲೇ. 1994ರದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲು. 1999ರದ್ದು ಸೆಪ್ಟೆಂಬರ್. 2004ರಲ್ಲಿ ಅವಧಿಗೆ ಮುಂಚೆ ವಿಧಾನಸಭೆ ವಿಸರ್ಜನೆಯಾಗಿ ಏಪ್ರಿಲ್‌ಗೆ ಬಂತು. ಆಮೇಲೆ 2007ರ ನವೆಂಬರಿನಲ್ಲಿ ಯಡಿಯೂರಪ್ಪನವರ ಮೊದಲ ಸರ್ಕಾರ ಒಂದೇ ವಾರಕ್ಕೆ ಬಿತ್ತು. ರಾಷ್ಟ್ರಪತಿ ಆಳ್ವಿಕೆ ಬಂತು, ಮುಂದಿನ ಚುನಾವಣೆ 2008ರ ಮೇಗೆ ಹೋಯಿತು. ಅಲ್ಲಿಂದ ಐದೈದು ವರ್ಷದ ಲೆಕ್ಕ ಮೇಗೇ ಬಂದು ನಿಲ್ಲುತ್ತಿದೆ. ಬೆಂಗಳೂರಿನಲ್ಲಿ ಯಾರೋ ಯಾರಿಗೋ ಕೈಕೊಟ್ಟರು, ಅದರ ಫಲ ನಮ್ಮ ತಾಂಡಾದ ಜನ ಇವತ್ತಿಗೂ ಉಣ್ಣುತ್ತಿದ್ದಾರೆ.

2008ರ ಆ ಚುನಾವಣೆಯಲ್ಲಿ ನನಗೆ ಜೇವರ್ಗಿ ಕ್ಷೇತ್ರದ ಒಂದು ಹಳ್ಳಿಯಲ್ಲಿ ಡ್ಯೂಟಿ ಬಿದ್ದಿತ್ತು. ಮಸ್ಟರಿಂಗ್ ಮುಗಿಸಿ, ಪೆಟ್ಟಿಗೆ ಹೊತ್ತು, ಬಸ್ಸಿನಲ್ಲಿ ಧೂಳು ತಿಂದು ಹೋಗಿ ಶಾಲೆಯ ವರಾಂಡದಲ್ಲಿ ಮಲಗಿದೆವು. ನಾನು ಮೊದಲನೇ ಪೋಲಿಂಗ್ ಆಫೀಸರ್. ಅಂದರೆ ಮತದಾರರ ಪಟ್ಟಿ ನನ್ನ ಮುಂದೆ. ಹೆಸರು ಕೂಗಬೇಕು, ಏಜೆಂಟರು ಹೂಂ ಅಂದ ಮೇಲೆ ಗೆರೆ ಎಳೆಯಬೇಕು. ಸಂಜೆ ಹೊತ್ತು ಮುಗಿಯಿತು. ಸಾಲಿನಲ್ಲಿ ನಿಂತವರಿಗೆ ಚೀಟಿ ಕೊಟ್ಟು ಬಾಗಿಲು ಹಾಕಿದೆವು. ಅಷ್ಟರಲ್ಲಿ ಒಂದು ಟೆಂಪೊ ಬಂದು ನಿಂತಿತು. ಸೋಲಾಪುರದ ಕಡೆ ದುಡಿಯಲು ಹೋಗಿದ್ದ ಹನ್ನೊಂದು ಮಂದಿ. ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತಂತೆ. ಕೈ ಮುಗಿದರು. ನಮ್ಮ ಪ್ರಿಸೈಡಿಂಗ್ ಆಫೀಸರ್ ಒಳ್ಳೆಯ ಮನುಷ್ಯ, ಆದರೆ ನಿಯಮ ನಿಯಮವೇ. ಒಬ್ಬಾಕೆ ಕಿಟಕಿ ಹತ್ತಿರ ಬಂದು ನನಗೆ ಹೇಳಿದಳು: “ಬಾಯೀ, ಎರಡ ದಿನದ ಕೂಲಿ ಬಿಟ್ಟ ಬಂದೀವ್ರಿ.”

ಎರಡು ಮೂರು ದಿನದಲ್ಲಿ ಫಲಿತಾಂಶ ಬಂತು. ಜೇವರ್ಗಿಯಿಂದ ಸಾಲಾಗಿ ಗೆಲ್ಲುತ್ತಾ ಬಂದಿದ್ದ, ಮುಖ್ಯಮಂತ್ರಿಯೂ ಆಗಿದ್ದ ಧರ್ಮಸಿಂಗ್ ಅವರು 70 ಮತಗಳಿಂದ ಸೋತಿದ್ದರು. ಆ ಹನ್ನೊಂದು ಮಂದಿ ಯಾರಿಗೆ ಹಾಕುತ್ತಿದ್ದರೋ ನನಗೆ ಗೊತ್ತಿಲ್ಲ. ಅವರು ಹೊತ್ತಿಗೆ ಸರಿಯಾಗಿ ಬಂದಿದ್ದರೆ 70 ಹೋಗಿ 81 ಆಗುತ್ತಿತ್ತೋ 59 ಆಗುತ್ತಿತ್ತೋ. ಅವತ್ತಿನಿಂದ ಅಂತರದ ಅಂಕಿ ಓದುವಾಗೆಲ್ಲ ನನಗೆ ಆ ಟೆಂಪೊ ನೆನಪಾಗುತ್ತದೆ.

ಇನ್ನು ನನ್ನದೇ ಒಂದು ತಪ್ಪು ಹೇಳಬೇಕು. ಬಿಎಲ್‌ಒ ಆಗಿದ್ದಾಗ ಒಂದು ಮನೆಯ ಐದು ಹೆಸರು ತೆಗೆಯಲು ಯಾರೋ ಏಳನೇ ನಮೂನೆ ಅರ್ಜಿ ಕೊಟ್ಟರು. ನಾನು ಮೂರು ಸಲ ಹೋದೆ. ಮೂರು ಸಲವೂ ಬೀಗ. ನೋಟಿಸ್ ಬಾಗಿಲಿಗೆ ಅಂಟಿಸಿ ಬಂದೆ. ಓದಲು ಯಾರಿದ್ದರು ಅಲ್ಲಿ? ಆ ಕಡೆಯ ಅಜ್ಜಿ ಒಬ್ಬಳು ಬೇಡಿಕೊಂಡಳು, “ಹೆಸರು ತಗೀಬ್ಯಾಡ್ರಿ ಟೀಚರ್, ಮಿರಗಕ್ಕ ಬರ್ತಾರ್ರೀ.” ಮೇಲಿನಿಂದ ಲೆಕ್ಕ ಕೊಡಿ, ಇವತ್ತೇ ಕೊಡಿ ಅಂತ ಒತ್ತಾಯ. ‘ಸ್ಥಳಾಂತರ’ ಅಂತ ಬರೆದು ಸಹಿ ಹಾಕಿದೆ. ಮುಂದಿನ ಚುನಾವಣೆಗೆ ಆ ಮನೆಯ ಹುಡುಗ ಪುಣೆಯಿಂದ ಬಂದ. ಪಟ್ಟಿಯಲ್ಲಿ ಹೆಸರಿಲ್ಲ. ಅವನು ನನ್ನ ಹಳೆಯ ವಿದ್ಯಾರ್ಥಿ. ಜಗಳ ಮಾಡಲಿಲ್ಲ. “ಟೀಚರ್, ಸಾಲ್ಯಾಗ ದಿನಾ ನನ್ನ ಹೆಸರ ಕೂಗಿದವರು ನೀವೇ, ಈಗ ತಗದವರೂ ನೀವೇ ಏನ್ರಿ?” ಅಂದು ನಕ್ಕ. ಅವನು ಬೈದಿದ್ದರೆ ಚೆನ್ನಾಗಿತ್ತು.

ಗುಳೆ ಹೋದವರು ಸ್ಥಳಾಂತರ ಆದವರಲ್ಲ. ಅವರ ಮನೆ, ರೇಷನ್ ಕಾರ್ಡು, ಹೊಲದ ಪಹಣಿ, ದೇವರು ಎಲ್ಲ ಇಲ್ಲೇ ಇದೆ. ಇಷ್ಟು ತಿಳಿದಿದ್ದೂ ನಾನು ಸಹಿ ಹಾಕಿದೆ. ಹಾಗಾಗಿ ಆಳಂದದ ಸುದ್ದಿ ಬಂದಾಗ ನನಗೆ ಉಳಿದವರಿಗಿಂತ ಜಾಸ್ತಿ ನಡುಕ ಹುಟ್ಟಿತು. ಅಲ್ಲಿ 2023ರ ಚುನಾವಣೆಗೆ ಮೊದಲು ಹೆಸರು ತೆಗೆಯಲು 6,018 ಅರ್ಜಿ ಆನ್‌ಲೈನ್‌ನಲ್ಲಿ ಬಂದಿದ್ದವು. ಪರಿಶೀಲನೆ ಮಾಡಿದಾಗ ಸರಿ ಇದ್ದದ್ದು 24 ಮಾತ್ರ. ಅದೇ ಆಳಂದದಲ್ಲಿ 2018ರ ಗೆಲುವಿನ ಅಂತರ 697 ಅಂತ ನೆನಪಿಟ್ಟುಕೊಳ್ಳಿ. ಗುತ್ತೇದಾರ್, ಪಾಟೀಲ್, ಗುತ್ತೇದಾರ್, ಪಾಟೀಲ್ ಅಂತ ನಾಲ್ಕು ಚುನಾವಣೆಯಿಂದ ಪಾಳಿ ಹಾಕಿದ ಹಾಗೆ ಗೆಲ್ಲುವ ಕ್ಷೇತ್ರ ಅದು. ಅರ್ಜಿಗಳು ಸಿಕ್ಕಿಬಿದ್ದವು, ಪೊಲೀಸ್ ಕೇಸ್ ಆಯಿತು, 2025ರಲ್ಲಿ ಎಸ್‌ಐಟಿ ರಚನೆಯೂ ಆಯಿತು. ಒಳ್ಳೆಯದೇ. ಆದರೆ ಬೀಗ ಹಾಕಿದ ಬಾಗಿಲಿನ ಮುಂದೆ, ಯಾವ ಮೋಸವೂ ಇಲ್ಲದೆ, ಸುಮ್ನೆ ಕೆಲಸದ ಗಡಿಬಿಡಿಯಲ್ಲಿ ಹೋಗುವ ಹೆಸರುಗಳಿಗೆ ಯಾವ ತನಿಖೆ ಆಗುತ್ತದೆ?

ಕಾನೂನಿನಲ್ಲಿ ಮತದಾನದ ದಿನ ಸಂಬಳ ಸಹಿತ ರಜೆ ಇದೆ, ದಿನಗೂಲಿಯವರಿಗೂ ಇದೆ. ಪುಣೆಯ ಬಿಲ್ಡಿಂಗ್ ಮೇಸ್ತ್ರಿಗೆ ಇದನ್ನು ಯಾರು ಹೇಳಬೇಕು? ಕೊಟ್ಟನೆಂದೇ ಇಟ್ಟುಕೊಳ್ಳಿ, ಒಂದು ದಿನದಲ್ಲಿ ಬಂದು ಹೋಗಲು ಆಗುತ್ತದಾ? ಹಾಗಾಗಿ ಚುನಾವಣೆಯ ಹಿಂದಿನ ರಾತ್ರಿ ಕ್ರೂಸರ್ ಗಾಡಿಗಳು ಬರುತ್ತವೆ, ಒಂದೊಂದರಲ್ಲಿ ಇಪ್ಪತ್ತು ಜನ ತುಂಬಿಕೊಂಡು. ಯಾವ ಪಕ್ಷ ಅಂತ ಕೇಳಬೇಡಿ, ಯಾರಿಗೆ ಕೈಲಾಗುತ್ತದೋ ಅವರೆಲ್ಲ ಕಳಿಸುತ್ತಾರೆ. ಮತದಾರರನ್ನು ಹೀಗೆ ಪುಕ್ಕಟೆ ಸಾಗಿಸುವುದು ಕಾನೂನಿನ ಪ್ರಕಾರ ಚುನಾವಣಾ ಅಕ್ರಮ. ಆದರೆ ಗಾಡಿ ಬರದಿದ್ದರೆ ಆ ಜನ ಬರುವುದೇ ಇಲ್ಲ. ಗಾಡಿಯಲ್ಲಿ ಬಂದವನು ಇಳಿದ ಮೇಲೆ ಯಾರಿಗೆ ಓಟು ಹಾಕಬೇಕು ಅಂತ ಅವನಿಗೆ ದಾರಿಯಲ್ಲೇ ಹೇಳಿರುತ್ತಾರೆ.

2023ರಲ್ಲಿ 80 ದಾಟಿದವರಿಗೆ ಮನೆಯಲ್ಲೇ ಮತದಾನ ಮಾಡುವ ಅವಕಾಶ ಬಂತು. ನಮ್ಮ ಓಣಿಯ ಅಜ್ಜಿಯ ಮನೆಗೆ ಸಿಬ್ಬಂದಿ, ಪೊಲೀಸ್, ವಿಡಿಯೊ ತೆಗೆಯುವ ಹುಡುಗ ಎಲ್ಲ ಬಂದರು. ರಟ್ಟಿನ ಮರೆ ಕಟ್ಟಿ ಓಟು ಹಾಕಿಸಿಕೊಂಡು ಹೋದರು. ಅಜ್ಜಿಗೆ ಚಹಾ ಮಾಡುವ ಸಂಭ್ರಮ! ನನಗೂ ಖುಷಿಯಾಯಿತು. ಆಕೆಯ ಇಬ್ಬರು ಮಕ್ಕಳು, ಸೊಸೆಯಂದಿರು ಮುಂಬೈಯಲ್ಲಿದ್ದರು. ಒಂದು ಮನೆಯ ಐದು ಓಟಿನಲ್ಲಿ ಬಿದ್ದದ್ದು ಅದೊಂದೇ. ಆ ವರ್ಷದ ಜನವರಿಯಲ್ಲಿ ಚುನಾವಣಾ ಆಯೋಗ ಒಂದು ಯಂತ್ರವನ್ನು ಪಕ್ಷಗಳಿಗೆ ತೋರಿಸಲು ಕರೆದಿತ್ತು. ದುಡಿಯುವ ಊರಿನಲ್ಲೇ ಕೂತು ತನ್ನ ಕ್ಷೇತ್ರಕ್ಕೆ ಓಟು ಹಾಕುವ ಯಂತ್ರ, 72 ಕ್ಷೇತ್ರಗಳದ್ದು ಒಂದರಲ್ಲೇ. ಪಕ್ಷಗಳು ಒಪ್ಪಲಿಲ್ಲ. ಅವರ ಸಂಶಯ ತಪ್ಪು ಅಂತ ನಾನು ಹೇಳುವುದಿಲ್ಲ, ನನಗೂ ಪುಣೆಯ ಬೂತಿನಲ್ಲಿ ಚಿಂಚೋಳಿಯ ಏಜೆಂಟ್ ಯಾರು ಕೂರುತ್ತಾರೆ ಅನ್ನುವ ಪ್ರಶ್ನೆ ಇದೆ.

ಅದಕ್ಕಿಂತ ಸುಲಭದ್ದು ಒಂದಿದೆ. ತಾರೀಖು ಬದಲಿಸಿ. ವಿಧಾನಸಭೆಯ ಅವಧಿ ಮುಗಿಯುವ ಆರು ತಿಂಗಳ ಒಳಗೆ ಯಾವಾಗ ಬೇಕಾದರೂ ಚುನಾವಣೆಯ ಅಧಿಸೂಚನೆ ಹೊರಡಿಸಲು ಕಾನೂನಿನಲ್ಲಿ ಅವಕಾಶವಿದೆ. ಈಗಿನ ವಿಧಾನಸಭೆಯ ಅವಧಿ 2028ರ ಮೇ ತನಕ. ಮೇ ತಿಂಗಳಿಗೇ ಕಾಯಬೇಕು ಅಂತ ಎಲ್ಲೂ ಬರೆದಿಲ್ಲ. ಜನವರಿಯಲ್ಲಿ ಮಾಡಬಹುದು, ತೊಗರಿ ರಾಶಿಗೆ ಜನ ಊರಲ್ಲೇ ಇರುತ್ತಾರೆ. ಆದರೆ ಕಬ್ಬು ಕಡಿಯಲು ಹೋದವರು ಆಗ ಇರುವುದಿಲ್ಲ. ಎಲ್ಲರಿಗೂ ಹೊಂದುವ ದಿನ ಸಿಗುವುದು ಕಷ್ಟವೇ. ನನ್ನನ್ನು ಕೇಳಿದರೆ ಹೋಳಿ ಹುಣ್ಣಿಮೆಯ ಆಸುಪಾಸು ಮಾಡಿ ಅನ್ನುತ್ತೇನೆ. ಎಷ್ಟೇ ದೂರ ಇದ್ದರೂ ಹೋಳಿಗೆ ತಾಂಡಾಕ್ಕೆ ಬರದವರು ಕಡಿಮೆ. ಸ್ವಂತ ದುಡ್ಡಿನಲ್ಲಿ ಬರುತ್ತಾರೆ, ಯಾರ ಕ್ರೂಸರೂ ಬೇಕಿಲ್ಲ. ರಾತ್ರಿಯಿಡೀ ಹಾಡು, ಕುಣಿತ, ನಮ್ಮ ಮನೆ ತನಕ ಕೇಳುತ್ತದೆ. ಪರೀಕ್ಷೆಯ ಕಾಲ ಅಂತೀರಿ, ಗೊತ್ತು, ನಾನೂ ಟೀಚರ್. ವೇಳಾಪಟ್ಟಿ ಮಾಡುವಾಗ ಎರಡು ಮೂರು ದಿನ ಹೊಂದಿಸುವುದು ದೊಡ್ಡ ಮಾತಲ್ಲ.

ಅದು ಆಗುವ ತನಕ ಇಷ್ಟಾದರೂ ಆಗಲಿ. ಹೋಳಿಯ ಎರಡು ದಿನ ಬಿಎಲ್‌ಒಗಳನ್ನು ತಾಂಡಾಗಳಲ್ಲಿ ಕೂರಿಸಿ. ಯಾರ ಹೆಸರಿದೆ, ಯಾರದ್ದು ಹೋಗಿದೆ ಅಂತ ಪಟ್ಟಿ ಓದಿ ಹೇಳಲಿ, ಹೆಸರು ಹೋದವರಿಂದ ಅಲ್ಲೇ ಹೆಸರು ಸೇರಿಸುವ ಆರನೇ ನಮೂನೆ ತುಂಬಿಸಿಕೊಳ್ಳಲಿ. ಫೆಬ್ರವರಿಯಿಂದ ಜೂನ್ ನಡುವೆ ಬೀಗ ನೋಡಿ ಯಾರ ಹೆಸರನ್ನೂ ತೆಗೆಯುವುದು ಬೇಡ. ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ. ಫಲಿತಾಂಶದ ಮರುದಿನ ಪಕ್ಷವಾರು ಪಟ್ಟಿ ಎಲ್ಲರೂ ಹಾಕುತ್ತಾರೆ. ನೀವು ಒಂದು ವಾರ ಬಿಟ್ಟು, ಬೂತ್‌ವಾರು ಮತಗಳ ಲೆಕ್ಕ ಇರುವ 20ನೇ ನಮೂನೆಯನ್ನೂ ಮತದಾರರ ಪಟ್ಟಿಯನ್ನೂ ತೆಗೆಸಿ, ನಮ್ಮ ಮೂರು ಜಿಲ್ಲೆಗಳ ತಾಂಡಾ ಬೂತುಗಳಲ್ಲಿ ಪಟ್ಟಿಯಲ್ಲಿದ್ದವರು ಎಷ್ಟು, ಬಂದವರು ಎಷ್ಟು ಅಂತ ಹಾಕಿ.

ಕೊನೆಗೆ ಒಂದು ಮಾತು. ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ ಸಾರಾಯಿ ಅಂಗಡಿ ಬಂದ್ ಇರುತ್ತದಲ್ಲ. ಹೋಳಿಗೆ ಚುನಾವಣೆ ಇಡಿ ಅಂದದ್ದಕ್ಕೆ ನಮ್ಮ ಊರಿನ ಗಂಡಸರು ನನಗೆ ಬೈಯುವುದು ಗ್ಯಾರಂಟಿ. ಹೆಣ್ಣುಮಕ್ಕಳನ್ನು ಕೇಳಿ ನೋಡಿದೆ, ಅವರದ್ದು ಏನೂ ತಕರಾರಿಲ್ಲ.

ಇಂತಿ,
ನಿವೃತ್ತ ಶಿಕ್ಷಕಿ,
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ