ವಿಮಾನ ರಾತ್ರಿ ಇಲ್ಲಿಯೇ ತಂಗಲಿ: ಮಾರ್ಗ ಅಭಿವೃದ್ಧಿ ಕರಡು ಯೋಜನೆಯ ಕುರಿತು ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಪ್ರಾದೇಶಿಕ ವಿಮಾನ ನಿಲ್ದಾಣ ಪ್ರಾಧಿಕಾರ.

ಇವರಿಂದ,
ನಿಲ್ದಾಣದ ಬಳಕೆದಾರರು ಮತ್ತು ಸುತ್ತಲಿನ ಬಡಾವಣೆಗಳ ನಿವಾಸಿಗಳು.

ವಿಷಯ: ರಾಜಧಾನಿ ಮಾರ್ಗವನ್ನು ಒಂದೇ ಸಂಸ್ಥೆಗೆ ವಹಿಸುವ ಪ್ರಸ್ತಾವವನ್ನು ಕೈಬಿಟ್ಟು, ಎರಡನೆಯ ಸಂಸ್ಥೆಗೆ ಅವಕಾಶ ಕಲ್ಪಿಸುವ ಹಾಗೂ ವಿಮಾನ ರಾತ್ರಿ ತಂಗಲು ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಾಧಿಕಾರ ಹೊರಡಿಸಿರುವ ಕರಡು ಯೋಜನೆಯನ್ನು ನಾವು ಓದಿದ್ದೇವೆ. ಮುಖಪುಟದ ನಕ್ಷೆಯಲ್ಲಿ ನಮ್ಮ ನಿಲ್ದಾಣದಿಂದ ಹನ್ನೊಂದು ಊರುಗಳಿಗೆ ಗೆರೆಗಳು ಹೊರಟಿವೆ. ನೋಡಲು ಚೆನ್ನಾಗಿದೆ. ಆದರೆ ಸದ್ಯಕ್ಕೆ ಆಕಾಶದಲ್ಲಿರುವುದು ಅವುಗಳ ಪೈಕಿ ಒಂದೇ ಗೆರೆ, ಅದೂ ದಿನಕ್ಕೊಮ್ಮೆ, ಅದೂ ನಡುಮಧ್ಯಾಹ್ನ. ಉಳಿದ ಹತ್ತನ್ನು ಎಳೆಯುವ ಮೊದಲು ಈ ಒಂದನ್ನು ಸರಿಪಡಿಸಿ ಎಂದು ಕೇಳುವುದಕ್ಕೆ ಈ ಮನವಿ.

ಮಧ್ಯಾಹ್ನದ ವಿಮಾನದಿಂದ ಆಗುವ ತೊಂದರೆ ಅದನ್ನು ಹತ್ತಿದವರಿಗೆ ಗೊತ್ತು. ರಾಜಧಾನಿಯಲ್ಲಿ ಬೆಳಗ್ಗೆ ಹತ್ತಕ್ಕೆ ವೈದ್ಯರ ಭೇಟಿಯೋ ನ್ಯಾಯಾಲಯದ ವಿಚಾರಣೆಯೋ ಇದ್ದರೆ ಹಿಂದಿನ ದಿನವೇ ಹೊರಡಬೇಕು. ಅಲ್ಲಿಂದ ಹಿಂತಿರುಗುವ ವಿಮಾನ ಕೆಲಸ ಮುಗಿಯುವ ಮೊದಲೇ ಹೊರಟುಹೋಗಿರುತ್ತದೆ. ಆದ್ದರಿಂದ ಮರುದಿನದವರೆಗೆ ಕಾಯಬೇಕು. ಒಂದು ಗಂಟೆಯ ಹಾರಾಟಕ್ಕೆ ಮೂರು ದಿನ, ಎರಡು ರಾತ್ರಿಯ ವಸತಿ. ಲೆಕ್ಕ ಹಾಕಬಲ್ಲ ಯಾರೇ ಆದರೂ ರಾತ್ರಿ ರಸ್ತೆ ಹಿಡಿದು ದೂರದ ದೊಡ್ಡ ನಿಲ್ದಾಣಕ್ಕೆ ಹೋಗುತ್ತಾರೆ. ಆಮೇಲೆ ವಿಮಾನಯಾನ ಸಂಸ್ಥೆ ಖಾಲಿ ಸೀಟುಗಳನ್ನು ತೋರಿಸಿ ‘ಈ ಊರಿನಲ್ಲಿ ಬೇಡಿಕೆ ಇಲ್ಲ’ ಎನ್ನುತ್ತದೆ. ಕರಡು ಯೋಜನೆಯೂ ಅದೇ ಮಾತನ್ನು ಎರಡು ಕಡೆ ಪುನರುಚ್ಚರಿಸಿದೆ. ಹೊತ್ತು ತಪ್ಪಿ ಬರುವ ವಿಮಾನ ತಾನೇ ಹುಟ್ಟಿಸಿದ ಖಾಲಿತನವನ್ನು ನಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ.

ವೇಳೆ ಹೀಗೇಕೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ವಿಮಾನ ರಾತ್ರಿ ಎಲ್ಲಿ ತಂಗುತ್ತದೆಯೋ ಬೆಳಗ್ಗೆ ಅಲ್ಲಿಂದಲೇ ಹೊರಡುತ್ತದೆ. ನಮಗೆ ಬರುವ ವಿಮಾನ ತಂಗುವುದು ರಾಜಧಾನಿಯಲ್ಲಿ. ಬೆಳಗಿನ ಬೆಲೆಬಾಳುವ ಹೊತ್ತಿನಲ್ಲಿ ಅದು ಹೆಚ್ಚು ಗಿರಾಕಿಯ ಊರುಗಳಿಗೆ ಹೋಗಿ ಬಂದು, ಬಿಡುವಾದಾಗ ಇತ್ತ ತಿರುಗುತ್ತದೆ. ಅದನ್ನು ಸಂಜೆ ಇಲ್ಲಿಗೆ ತಂದು ಬೆಳಗ್ಗೆ ಇಲ್ಲಿಂದ ಹೊರಡಿಸಬೇಕಾದರೆ ಬೇಕಾಗುವುದು ಬಹಳ ಸಾಧಾರಣ ಸಂಗತಿಗಳು: ರಾತ್ರಿ ವಿಮಾನ ನಿಲ್ಲಲು ಒಂದು ಜಾಗ, ಪೈಲಟ್ ಮತ್ತು ಸಿಬ್ಬಂದಿಗೆ ನಿಯಮಾನುಸಾರ ವಿಶ್ರಾಂತಿಯ ವಸತಿ, ಬೆಳಕು ಹರಿಯುವ ಮೊದಲೇ ಇಂಧನ, ತಪಾಸಣೆಗೆ ಒಬ್ಬ ಅಧಿಕೃತ ಎಂಜಿನಿಯರ್, ಸಂಚಾರ ನಿಯಂತ್ರಣ ಮತ್ತು ಅಗ್ನಿಶಾಮಕ ದಳದ ಕೆಲಸದ ಅವಧಿಯ ವಿಸ್ತರಣೆ. ಇವುಗಳಲ್ಲಿ ಬಹುಪಾಲು ನೇರವಾಗಿ ಪ್ರಾಧಿಕಾರದ ಕೈಯಲ್ಲಿದೆ, ಉಳಿದವುಗಳಿಗೆ ಪ್ರಾಧಿಕಾರದ ಒಂದು ಪತ್ರ ಸಾಕು. ಕರಡಿನಲ್ಲಿ ಟರ್ಮಿನಲ್‌ನ ಮುಂಭಾಗದ ಅಲಂಕಾರಕ್ಕೆ ನಾಲ್ಕು ಪುಟಗಳಿವೆ. ರಾತ್ರಿ ತಂಗುವಿಕೆಗೆ ಒಂದೇ ಸಾಲು, ಅದೂ ‘ಮುಂದಿನ ಹಂತದಲ್ಲಿ’ ಎಂದು. ಈ ಎರಡರ ಸ್ಥಾನ ಅದಲುಬದಲಾಗಬೇಕು. ಸ್ಪೇನ್‌ನ ಸಿಯುಡಾಡ್ ರಿಯಾಲ್‌ನಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ ಸಹಿತ ಭರ್ಜರಿ ನಿಲ್ದಾಣ 2008ರಲ್ಲಿ ತೆರೆಯಿತು, 2012ರಲ್ಲಿ ಮುಚ್ಚಿತು. ಅಲ್ಲಿ ಕಟ್ಟಡಕ್ಕೆ ಕೊರತೆ ಇರಲಿಲ್ಲ.

ಇನ್ನು ಸ್ಪರ್ಧೆಯ ವಿಚಾರ. ಹಿಂದೊಮ್ಮೆ ಕೆಲವು ತಿಂಗಳು ಇದೇ ಮಾರ್ಗದಲ್ಲಿ ಎರಡು ಸಂಸ್ಥೆಗಳು ಹಾರಿದ್ದನ್ನು ತಾವು ಮರೆತಿರಲಾರಿರಿ, ನಾವಂತೂ ಮರೆತಿಲ್ಲ. ಎರಡನೆಯದು ಬಂದ ಕೂಡಲೇ ಮೊದಲನೆಯದರ ದರ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ‘ಸಾಧ್ಯವೇ ಇಲ್ಲ’ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಬೆಳಗಿನ ವೇಳೆ ಒಂದೇ ವಾರದಲ್ಲಿ ಸಾಧ್ಯವಾಯಿತು. ಎರಡನೆಯ ಸಂಸ್ಥೆ ಹಿಂದೆ ಸರಿಯುತ್ತಿದ್ದಂತೆ ಬೆಳಗಿನ ವಿಮಾನವೂ ಮಾಯವಾಯಿತು, ದರವೂ ಹಳೆಯ ಎತ್ತರಕ್ಕೆ ಮರಳಿತು.

ಇದು ನಮ್ಮ ಊರಿಗಷ್ಟೇ ಆದ ಅನುಭವವಲ್ಲ. ಅಮೆರಿಕದಲ್ಲಿ 1978ರ ಕಾಯ್ದೆ ಮಾರ್ಗ ಮತ್ತು ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ತೆಗೆದುಹಾಕಿದ ಮೇಲೆ ಏನಾಯಿತೆಂದು ಅಲ್ಲಿನ ಸಾರಿಗೆ ಇಲಾಖೆ 1993ರಲ್ಲಿ ಪರಿಶೀಲಿಸಿತು. ಸೌತ್‌ವೆಸ್ಟ್ ಎಂಬ ಅಗ್ಗದ ದರದ ಸಂಸ್ಥೆ ಕಾಲಿಟ್ಟ ಮಾರ್ಗಗಳಲ್ಲಿ ಪ್ರತಿಸ್ಪರ್ಧಿಗಳ ದರವೂ ಇಳಿದು ಪ್ರಯಾಣಿಕರ ಸಂಖ್ಯೆ ಏರಿದ್ದನ್ನು ಕಂಡು, ಅದಕ್ಕೆ ‘ಸೌತ್‌ವೆಸ್ಟ್ ಪರಿಣಾಮ’ ಎಂದೇ ಹೆಸರಿಟ್ಟಿತು. ಕಾನ್ಸಾಸ್‌ನ ವಿಚಿಟಾ ನಗರದವರು ದುಬಾರಿ ದರಕ್ಕೆ ಬೇಸತ್ತು 2002ರಲ್ಲಿ ಏರ್‌ಟ್ರಾನ್ ಎಂಬ ಸಂಸ್ಥೆಗೆ ಆದಾಯ ಕಡಿಮೆಯಾದರೆ ತುಂಬಿಕೊಡುವ ಭರವಸೆ ಕೊಟ್ಟು ಬರಮಾಡಿಕೊಂಡರು. ಸಾರ್ವಜನಿಕ ಹಣ ಕೊಡುವುದು ಸರಿಯೇ ಎಂಬ ಜಗಳ ಅಲ್ಲಿ ವರ್ಷಗಟ್ಟಲೆ ನಡೆಯಿತು, ನಮ್ಮಲ್ಲಿಯೂ ಆ ಬಗ್ಗೆ ಒಮ್ಮತವಿಲ್ಲ. ಆದರೆ ಅವರು ಹಣ ಕೊಟ್ಟದ್ದು ಸ್ಪರ್ಧೆಯನ್ನು ತರಲು. ನಮ್ಮ ಕರಡು ಹಣ ಕೊಡಲು ಹೊರಟಿರುವುದು ಸ್ಪರ್ಧೆಯನ್ನು ಹೊರಗಿಡಲು.

ಕರಡಿನ ಆರನೆಯ ಅಧ್ಯಾಯದ ಬಗ್ಗೆ ಹೇಳುತ್ತಿದ್ದೇವೆ. ಒಂದೇ ಸಂಸ್ಥೆಗೆ ಐದು ವರ್ಷ ಎಲ್ಲ ಮಾರ್ಗಗಳ ಏಕೈಕ ಹಕ್ಕು, ಜೊತೆಗೆ ಇಳಿಯುವ ಮತ್ತು ನಿಲ್ಲುವ ಶುಲ್ಕಗಳಲ್ಲಿ ಪೂರ್ಣ ವಿನಾಯಿತಿ ಎಂದು ಅಲ್ಲಿದೆ. ಪ್ರತಿಯಾಗಿ ಆ ಸಂಸ್ಥೆ ಹನ್ನೊಂದು ಊರುಗಳಿಗೆ ಹಾರುವ ‘ಪ್ರಯತ್ನ’ ಮಾಡುತ್ತದಂತೆ. ಪ್ರಯತ್ನ ಎಂಬ ಪದಕ್ಕೆ ಯಾವ ದಂಡವೂ ಇಲ್ಲ.

ಏಕಸ್ವಾಮ್ಯ ಕೊಟ್ಟರೆ ಮಾರ್ಗ ಉಳಿಯುತ್ತದೆ ಎಂಬ ನಂಬಿಕೆಗೂ ಆಧಾರ ತೆಳುವಾಗಿದೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಭಾರತದ ಉಡಾನ್ ಯೋಜನೆ 2016ರಲ್ಲಿ ರೂಪುಗೊಂಡಾಗ ಆಯ್ಕೆಯಾದ ಸಂಸ್ಥೆಗಳಿಗೆ ಮೂರು ವರ್ಷಗಳ ನಷ್ಟಭರ್ತಿ ಮತ್ತು ಏಕೈಕ ಹಕ್ಕು ಎರಡೂ ದೊರೆತವು. 2023ರ ಮಹಾಲೇಖಪಾಲರ ವರದಿಯ ಪ್ರಕಾರ, ಮೂರನೆಯ ಸುತ್ತಿನವರೆಗೆ ಮಂಜೂರಾದ 774 ಮಾರ್ಗಗಳಲ್ಲಿ ಆರಂಭವಾದದ್ದು 371. ಮೂರು ವರ್ಷ ಪೂರೈಸಿದ್ದು 112. ಆ ಬಳಿಕವೂ ಹಾರುತ್ತಿದ್ದುದು 54. ನೆರವು ನಿಂತ ದಿನ ವಿಮಾನವೂ ನಿಲ್ಲುವುದಾದರೆ ನಾವು ಮಾರ್ಗವನ್ನು ಬೆಳೆಸಲಿಲ್ಲ, ಬಾಡಿಗೆಗೆ ಪಡೆದೆವು ಅಷ್ಟೇ. ಐರೋಪ್ಯ ಒಕ್ಕೂಟದ ನಿಯಮಗಳು ಈ ವಿಷಯದಲ್ಲಿ ಬಿಗಿಯಾಗಿವೆ. 2008ರ ನಿಯಮಾವಳಿಯಂತೆ ಜನರಿಗೆ ಅನಿವಾರ್ಯವಾದ ಮಾರ್ಗಕ್ಕೆ ಮಾತ್ರ, ಬಹಿರಂಗ ಟೆಂಡರ್ ಮೂಲಕ, ಸಾಮಾನ್ಯವಾಗಿ ನಾಲ್ಕು ವರ್ಷ ಮೀರದಂತೆ ಏಕೈಕ ಹಕ್ಕು ಕೊಡಬಹುದು. 2014ರ ಮಾರ್ಗಸೂಚಿ ಹೊಸ ಮಾರ್ಗದ ಆರಂಭಿಕ ನೆರವನ್ನು ಮೂರು ವರ್ಷಕ್ಕೆ, ನಿಲ್ದಾಣ ಶುಲ್ಕದ ಅರ್ಧಕ್ಕೆ ಮಿತಿಗೊಳಿಸಿತು. ನಮ್ಮ ಕರಡು ಎರಡೂ ಮಿತಿಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿದೆ.

ಒಂದೇ ಸಂಸ್ಥೆಯನ್ನು ನೆಚ್ಚಿಕೊಂಡ ನಿಲ್ದಾಣಗಳ ಪಾಡನ್ನೂ ಪ್ರಾಧಿಕಾರ ಗಮನಿಸಬೇಕು. ಬ್ರಿಟನ್ನಿನ ಫ್ಲೈಬಿ ಸಂಸ್ಥೆ 2020ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಮುಚ್ಚಿದಾಗ ಸೌತಾಂಪ್ಟನ್ ನಿಲ್ದಾಣ ತನ್ನ ಬಹುಪಾಲು ಹಾರಾಟಗಳನ್ನು ಒಂದೇ ದಿನದಲ್ಲಿ ಕಳೆದುಕೊಂಡಿತು. ಅಮೆರಿಕದ ಸಿನ್ಸಿನಾಟಿಯ ಕಥೆ ಇನ್ನೂ ಬೋಧಪ್ರದ. ಡೆಲ್ಟಾ ಸಂಸ್ಥೆಯ ಕೇಂದ್ರವಾಗಿದ್ದ ಕಾಲದಲ್ಲಿ ಅಲ್ಲಿನ ದರ ದೇಶದಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿತ್ತು. ಊರಿನ ಜನ ಕಾರು ಹತ್ತಿ ಡೇಟನ್, ಲೂಯಿವಿಲ್ ನಿಲ್ದಾಣಗಳಿಗೆ ಹೋಗುತ್ತಿದ್ದರು. ಡೆಲ್ಟಾ ಹಾರಾಟ ಕಡಿತಗೊಳಿಸುತ್ತಾ ಹೋದಂತೆ 2005ರಲ್ಲಿ 2 ಕೋಟಿ 20 ಲಕ್ಷ ಮೀರಿದ್ದ ಪ್ರಯಾಣಿಕರ ಸಂಖ್ಯೆ 2013ರಲ್ಲಿ 60 ಲಕ್ಷದ ಕೆಳಗೆ ಬಿತ್ತು. ಅಗ್ಗದ ದರದ ಸಂಸ್ಥೆಗಳು ಬಂದ ಮೇಲೆಯೇ ಅದು ಚೇತರಿಸಿಕೊಂಡು 2019ರಲ್ಲಿ 90 ಲಕ್ಷ ದಾಟಿದ್ದು. ಹಳೆಯ ದೊಡ್ಡ ಸಂಖ್ಯೆಯಲ್ಲಿ ಬಹಳಷ್ಟು ಮಂದಿ ವಿಮಾನ ಬದಲಿಸಿ ಹೋಗುವವರಾಗಿದ್ದರು. ಊರಿನವರಿಗೆ ಪ್ರಯೋಜನವಾದದ್ದು ಎರಡನೆಯ ಕಾಲದಲ್ಲಿ.

ಎಲ್ಲ ಮಾರ್ಗಕ್ಕೂ ಇಬ್ಬರು ಬರಲಿ ಎಂದು ನಾವು ಹಟ ಹಿಡಿದಿಲ್ಲ. ದಿನಕ್ಕೆ ಐವತ್ತು ಜನರೂ ಇಲ್ಲದ ಮಾರ್ಗದಲ್ಲಿ ಎರಡು ಸಂಸ್ಥೆಗಳನ್ನು ನಿಲ್ಲಿಸಿದರೆ ಇಬ್ಬರೂ ಮುಳುಗುತ್ತಾರೆ. ಅಂಥ ಹೊಸ ಮಾರ್ಗಕ್ಕೆ ಒಬ್ಬರಿಗೇ ಎರಡು ವರ್ಷ ರಕ್ಷಣೆ ಕೊಡಿ. ವಾರದ ಕನಿಷ್ಠ ಹಾರಾಟ ತಪ್ಪಿದರೆ ಹಕ್ಕು ತಾನಾಗಿ ರದ್ದಾಗಲಿ. ರಾಜಧಾನಿ ಮಾರ್ಗ ಮಾತ್ರ ಯಾರ ಸ್ವತ್ತೂ ಆಗಬಾರದು. ಅಲ್ಲಿ 180 ಸೀಟುಗಳ ಜೆಟ್ ದಿನಕ್ಕೊಮ್ಮೆ ಬರುವುದಕ್ಕಿಂತ 70 ಸೀಟುಗಳ ಎಟಿಆರ್ ಎಂಬ ಚಿಕ್ಕ ವಿಮಾನ ಬೆಳಗ್ಗೆಯೂ ಸಂಜೆಯೂ ಬರುವುದು ಲೇಸು. ಸೀಟು ಕಡಿಮೆ, ಉಪಯೋಗ ಹೆಚ್ಚು. ಜೆಟ್ ಇಳಿದರೆ ಪತ್ರಿಕೆಯಲ್ಲಿ ದೊಡ್ಡ ಚಿತ್ರ ಬರುತ್ತದೆ ಎಂಬುದನ್ನು ಬಲ್ಲೆವು. ಆ ಆಸೆಯನ್ನು ಸ್ವಲ್ಪ ಕಾಲ ತಡೆದುಕೊಳ್ಳುವಂತೆ ವಿನಂತಿ.

ಶುಲ್ಕ ವಿನಾಯಿತಿ ಕೊಡುವುದೇ ಆದರೆ ದರಪಟ್ಟಿಯಂತೆ ಪ್ರಕಟಿಸಿ, ಷರತ್ತು ಪೂರೈಸುವ ಯಾವ ಸಂಸ್ಥೆಗಾದರೂ ಅದು ಸಿಗಲಿ. ಬೆಳಗ್ಗೆ ಎಂಟರೊಳಗೆ ಇಲ್ಲಿಂದ ಹೊರಟು ಸಂಜೆ ಆರರ ನಂತರ ಅಲ್ಲಿಂದ ಮರಳುವ ಸಂಸ್ಥೆಗೆ ಹೆಚ್ಚು ರಿಯಾಯಿತಿ, ಮಧ್ಯಾಹ್ನ ಬಂದುಹೋಗುವವರಿಗೆ ಕಡಿಮೆ. ರಾಜಧಾನಿಯಿಂದ ಮುಂದಕ್ಕೆ ಹೋಗುವವರಿಗೆ ಒಂದೇ ಟಿಕೆಟ್‌ನಲ್ಲಿ, ಸಾಮಾನು ಮತ್ತೆ ಒಪ್ಪಿಸುವ ಗೋಳಿಲ್ಲದೆ ಪ್ರಯಾಣ ಒದಗಿಸುವವರಿಗೆ ಇನ್ನಷ್ಟು. ನಕ್ಷೆಯ ಹತ್ತು ಗೆರೆಗಳಲ್ಲಿ ಹಲವು ಈ ಒಂದು ಏರ್ಪಾಡಿನಿಂದಲೇ ಬೇಡವಾಗಬಹುದು.

ಬೇಡಿಕೆಯ ಲೆಕ್ಕವನ್ನೂ ಮತ್ತೆ ಮಾಡಬೇಕು. ಕರಡು ಎಣಿಸಿರುವುದು ನಮ್ಮ ನಿಲ್ದಾಣದ ಬಾಗಿಲು ದಾಟಿದವರನ್ನು ಮಾತ್ರ. ರಸ್ತೆ ಹಿಡಿದು ಬೇರೆ ನಿಲ್ದಾಣಕ್ಕೆ ಹೋದವರು ಅದರಲ್ಲಿ ಇಲ್ಲವೇ ಇಲ್ಲ. ಊರಿನ ಟ್ರಾವೆಲ್ ಏಜೆಂಟರ ಬುಕಿಂಗ್, ರಾತ್ರಿ ಬಸ್ಸುಗಳ ಪ್ರಯಾಣಿಕರು, ದೊಡ್ಡ ನಿಲ್ದಾಣದ ವಾಹನ ನಿಲುಗಡೆಯಲ್ಲಿ ಕಾಣುವ ನಮ್ಮ ನೋಂದಣಿಯ ಕಾರುಗಳು, ಈ ಮೂರನ್ನು ಒಂದು ತಿಂಗಳು ಎಣಿಸಿದರೆ ಸಾಕು. ಎಣಿಸುವುದಕ್ಕೆ ಸ್ವಯಂಸೇವಕರನ್ನು ನಾವೇ ಒದಗಿಸುತ್ತೇವೆ. ಯಾವ ಸಂಸ್ಥೆಯ ಮಾರ್ಗ ಯೋಜಕರೆದುರು ಕುಳಿತರೂ ಅವರು ಕೇಳುವ ಮೊದಲ ಕಾಗದ ಅದೇ.

ರನ್‌ವೇಯ ಪೂರ್ವ ತುದಿಯ ಬಡಾವಣೆಯವರೂ ಈ ಮನವಿಗೆ ಸಹಿ ಹಾಕಿದ್ದಾರೆ. ಬೆಳಗಿನ ಸದ್ದನ್ನು ಅವರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ತಂಗಿದ ವಿಮಾನದ ಎಂಜಿನ್ ಪರೀಕ್ಷೆ ರಾತ್ರಿ ಹತ್ತರ ನಂತರ ನಡೆಯಬಾರದು, ವಿಮಾನ ನಿಲ್ಲುವ ಜಾಗ ಮನೆಗಳಿಂದ ದೂರದ ಪಶ್ಚಿಮ ಬದಿಯಲ್ಲಿರಬೇಕು.

ಆರನೆಯ ಅಧ್ಯಾಯವನ್ನು ಮಂಡಳಿಯ ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುವ ಮೊದಲು ನಮ್ಮ ಮೂವರು ಪ್ರತಿನಿಧಿಗಳಿಗೆ ಅರ್ಧ ಗಂಟೆಯ ಅವಕಾಶ ಕೊಡಬೇಕು. ಈ ಬೇಡಿಕೆಗಳಲ್ಲಿ ಯಾವುದನ್ನು ತಳ್ಳಿಹಾಕಿದರೂ ಅದರ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನಿಲ್ದಾಣದ ಬಳಕೆದಾರರು ಮತ್ತು ಸುತ್ತಲಿನ ಬಡಾವಣೆಗಳ ನಿವಾಸಿಗಳು
(ಸಹಿಗಳ ಪುಟಗಳನ್ನು ಲಗತ್ತಿಸಿದೆ)