ತಂಡವನ್ನು ಗೆಲ್ಲಿಸುವವಳು ನಾಲ್ಕನೆಯ ಹುಡುಗಿ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳ ದಿನಗಳು ಬಂದಿವೆ. ಹುಡುಗಿಯರ ಗುಡ್ಡಗಾಡು ಓಟದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುವಾಗ ಮೊದಲ ಮೂವರ ಹೆಸರು, ಮೊದಲು ಬಂದವಳ ಫೋಟೊ ಇರುತ್ತದೆ, ಅಲ್ಲಿಗೆ ಮುಗಿಯಿತು. ತಂಡ ಪ್ರಶಸ್ತಿ ಯಾವ ಶಾಲೆಗೆ, ಎಷ್ಟು ಅಂಕಕ್ಕೆ ಎಂಬ ಸಾಲು ಅಪರೂಪ. ಅದೊಂದು ಸಾಲನ್ನು ದಯವಿಟ್ಟು ಸೇರಿಸಿ. ಓದುಗರ ಮಾತಿರಲಿ, ಇದು ತಂಡದ ಸ್ಪರ್ಧೆ ಎಂಬುದು ಎಷ್ಟೋ ಶಾಲೆಗಳಿಗೇ ಇನ್ನೂ ಮನಸ್ಸಿಗೆ ಇಳಿದಿಲ್ಲ. ದೊಡ್ಡ ಕೂಟಕ್ಕೆ ಮುಂಚಿನ ಎರಡು ವಾರಗಳಲ್ಲಿ ಆಗುವ ಎಡವಟ್ಟುಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ.

ಲೆಕ್ಕ ಸರಳ. ವಿಶ್ವ ಚಾಂಪಿಯನ್‌ಷಿಪ್ ಪದ್ಧತಿಯಲ್ಲಿ ಒಂದು ತಂಡದಿಂದ 6 ಜನ ಓಡುತ್ತಾರೆ, ಅವರಲ್ಲಿ ಮೊದಲು ಬಂದ 4 ಜನರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆ ಇದ್ದ ತಂಡ ಗೆದ್ದಂತೆ. ಸಮವಾದರೆ ಯಾರ ನಾಲ್ಕನೆಯವರು ಮುಂದೆ ಬಂದಿದ್ದಾರೋ ಆ ತಂಡಕ್ಕೆ ಪ್ರಶಸ್ತಿ. ನಿಮ್ಮ ಕೂಟದಲ್ಲಿ ಎಷ್ಟು ಜನರ ಸ್ಥಾನ ಎಣಿಸುತ್ತಾರೆ ಎಂಬುದನ್ನು ಸುತ್ತೋಲೆಯಲ್ಲಿ ಮೊದಲೇ ನೋಡಿಕೊಳ್ಳಬೇಕು. ಒಂದು ಶಾಲೆಯ ಹುಡುಗಿಯರು 1, 6, 29, 47ನೇ ಸ್ಥಾನ ಪಡೆದರು ಎನ್ನಿ, ಮೊತ್ತ 83. ಇನ್ನೊಂದು ಶಾಲೆಯವರು 9, 12, 14, 18, ಮೊತ್ತ 53. ಫೋಟೊ ಮೊದಲ ಶಾಲೆಯದು, ಕಪ್ ಎರಡನೆಯದರದು. ಮೊದಲು ಬಂದವಳು ಇನ್ನೂ 10 ಸೆಕೆಂಡ್ ಬೇಗ ಬಂದಿದ್ದರೂ ತಂಡಕ್ಕೆ ಒಂದು ಅಂಕವೂ ಉಳಿಯುತ್ತಿರಲಿಲ್ಲ. ಅದೇ 10 ಸೆಕೆಂಡನ್ನು 47ನೆಯವಳು ಉಳಿಸಿದ್ದರೆ ಎಂಟು ಹತ್ತು ಜನರನ್ನು ದಾಟಿರುತ್ತಿದ್ದಳು, ಏಕೆಂದರೆ ನಡುಗುಂಪಿನಲ್ಲಿ ಜನ ಒತ್ತೊತ್ತಾಗಿರುತ್ತಾರೆ. ಅಮೆರಿಕದ ಪ್ರೌಢಶಾಲೆಗಳಲ್ಲಿ 7 ಜನ ಓಡಿ 5 ಜನರ ಸ್ಥಾನ ಕೂಡುತ್ತಾರೆ. ಅಲ್ಲಿ ನ್ಯೂಯಾರ್ಕ್ ರಾಜ್ಯದ ಫಯೆಟ್‌ವಿಲ್-ಮ್ಯಾನ್ಲಿಯಸ್ ಶಾಲೆಯ ಹುಡುಗಿಯರು 2006ರಿಂದ 2012ರವರೆಗೆ ಸತತ 7 ವರ್ಷ ನೈಕಿ ರಾಷ್ಟ್ರೀಯ ಕೂಟದ ತಂಡ ಪ್ರಶಸ್ತಿ ಗೆದ್ದರು. ಗುಂಪು ಬಿಡದೆ ಓಡುವುದಕ್ಕೇ ಅವರು ಹೆಸರಾಗಿದ್ದರು.

ಆದ್ದರಿಂದ ತರಬೇತಿ ಕೊಡುವವರು ಗಡಿಯಾರದಲ್ಲಿ ನೋಡಬೇಕಾದ್ದು ಮೊದಲನೆಯವಳಿಗೂ ನಾಲ್ಕನೆಯವಳಿಗೂ ಇರುವ ಅಂತರವನ್ನು. ಅದನ್ನು ವಾರಕ್ಕೊಮ್ಮೆ ಬರೆದಿಡಿ.

ನಮ್ಮಲ್ಲಿ ಈ ಅಂತರ ಹಿಗ್ಗುವುದಕ್ಕೆ ದೊಡ್ಡ ಕಾರಣ, ಎಲ್ಲರನ್ನೂ ಮೊದಲನೆಯವಳ ವೇಗದಲ್ಲಿ ಓಡಿಸುವುದು. ಅವಳಿಗೆ ಹಗುರವಾದ ಓಟ ನಾಲ್ಕನೆಯವಳಿಗೆ ದಿನಾ ಸ್ಪರ್ಧೆಯಾಗುತ್ತದೆ. ಕೂಟ ಬರುವ ಹೊತ್ತಿಗೆ ಒಬ್ಬಳು ಚುರುಕಾಗಿ, ಉಳಿದವರು ಸೋತುಸುಣ್ಣವಾಗಿ ನಿಂತಿರುತ್ತಾರೆ. ಹಗುರ ಓಟದ ದಿನ ಪ್ರತಿಯೊಬ್ಬಳೂ ಪೂರ್ತಿ ವಾಕ್ಯ ಮಾತಾಡುತ್ತ ಓಡುವಂತಿರಬೇಕು. ಒಂದೊಂದೇ ಪದ ಹೊರಡುತ್ತಿದ್ದರೆ ಅವಳಿಗೆ ಆ ವೇಗ ಹೆಚ್ಚಾಯಿತು ಎಂದೇ ಅರ್ಥ.

ಎರಡನೆಯ ತಪ್ಪು ಕೂಟ ಹತ್ತಿರವಾದಷ್ಟೂ ಹೆಚ್ಚು ಓಡಿಸುವುದು. ಕಷ್ಟದ ಓಟದ ಫಲ ಮೈಗೆ ಹತ್ತಲು ಸುಮಾರು 10 ದಿನ ಬೇಕು. ಕೊನೆಯ ವಾರದಲ್ಲಿ ಬೆವರು ಹರಿಸಿದರೆ ದಣಿವು ಮಾತ್ರ ಉಳಿಯುತ್ತದೆ. ವಾರಕ್ಕೆ 35 ಕಿ.ಮೀ. ಓಡುತ್ತಿದ್ದವರನ್ನು ಕೊನೆಯ ಎರಡು ವಾರಗಳಲ್ಲಿ 25ಕ್ಕೆ, ಆಮೇಲೆ 18ರ ಆಸುಪಾಸಿಗೆ ಇಳಿಸಬೇಕು. ಇಳಿಸುವುದು ದೂರವನ್ನು, ವೇಗವನ್ನಲ್ಲ. ಪೂರ್ತಿ ನಿಲ್ಲಿಸಿದರೂ ಕಾಲು ಜಡವಾಗುತ್ತದೆ. ರಾಷ್ಟ್ರೀಯ ಕೂಟದಲ್ಲಿ 16 ವರ್ಷದೊಳಗಿನ ಹುಡುಗಿಯರಿಗೆ 2 ಕಿ.ಮೀ., 18ರೊಳಗಿನವರಿಗೆ 4 ಕಿ.ಮೀ., 20ರೊಳಗಿನವರಿಗೆ 6 ಕಿ.ಮೀ. ಓಟವಿದೆ. 4 ಕಿ.ಮೀ. ಓಡುವವರಿಗಾದರೆ, ಕೂಟಕ್ಕೆ 10 ದಿನ ಇರುವಾಗ ಹುಲ್ಲಿನ ಮೇಲೆ 800 ಮೀಟರಿನ 5 ಓಟ, ಸ್ಪರ್ಧೆಯ ವೇಗದಲ್ಲಿ, ನಡುವೆ 2 ನಿಮಿಷ ನಿಧಾನದ ಓಟ. 5 ದಿನ ಇರುವಾಗ 300 ಮೀಟರಿನ 6 ಓಟ, ಸ್ಪರ್ಧೆಗಿಂತ ತುಸು ಬಿರುಸಾಗಿ, ನಡುವೆ ಒಂದೂವರೆ ನಿಮಿಷ ನಡಿಗೆ. ಕಷ್ಟದ ಓಟ ಅಲ್ಲಿಗೆ ಸಾಕು. ಮೂರು ದಿನ ಇರುವಾಗ ಬಿಡುವು, ಮಾರನೆಯ ದಿನ 25 ನಿಮಿಷ ಹಗುರ ಓಟ. ಹಿಂದಿನ ದಿನ 15–20 ನಿಮಿಷ ಓಟ, 80 ಮೀಟರಿನ 4 ಬಿರುಸಿನ ಓಟ, ಆಮೇಲೆ ಸ್ಪರ್ಧೆಯ ಹಾದಿಯನ್ನು ಪೂರ್ತಿ ನಡೆದು ನೋಡುವುದು.

ಘಾಟಿ ಇಳಿಸುವ ಚಪಲ ನಮ್ಮ ಕಡೆ ಇದೆ. ಕೂಟಕ್ಕೆ ವಾರವಿರುವಾಗ ಆಗುಂಬೆ ಇಳಿಜಾರಿನಲ್ಲಿ ಓಡಿಸಿದರೆ ಹತ್ತುವುದಕ್ಕಿಂತ ಇಳಿಯುವುದೇ ತೊಡೆಯ ಸ್ನಾಯುವನ್ನು ಹೆಚ್ಚು ಹರಿಯುತ್ತದೆ, ಎರಡನೇ ದಿನಕ್ಕೆ ಮೆಟ್ಟಿಲು ಇಳಿಯಲೂ ಆಗುವುದಿಲ್ಲ. ಇಳಿಜಾರಿನ ಅಭ್ಯಾಸ ಬೇಕೇ ಬೇಕು, ಆದರೆ ಅದು ತಿಂಗಳ ಹಿಂದೆಯೇ ಮುಗಿದಿರಬೇಕು. ಇಳಿಯುವಾಗ ಹಿಮ್ಮಡಿ ಊರಿ ತಡೆಯದೆ ಚಿಕ್ಕ ಹೆಜ್ಜೆಯನ್ನು ಬೇಗ ಬೇಗ ಇಡಿಸಿ. ಏರಿನಲ್ಲೂ ಹೆಜ್ಜೆ ಚಿಕ್ಕದೇ, ಕೈ ಬೀಸು ಜೋರು. ಏರಿನ ತುದಿ ಮುಟ್ಟಿದ ಕೂಡಲೇ ಎಲ್ಲರೂ ಉಸ್ಸೆಂದು ಸಡಿಲವಾಗುತ್ತಾರೆ. ತುದಿ ದಾಟಿ ಇನ್ನೂ 30 ಹೆಜ್ಜೆ ಅದೇ ಬಿಗಿಯಲ್ಲಿ ಹೋಗುವುದನ್ನು ರೂಢಿಸಿದ ಹುಡುಗಿ ಅಲ್ಲೇ ಮೂರ್ನಾಲ್ಕು ಜನರನ್ನು ಹಿಂದೆ ಹಾಕುತ್ತಾಳೆ. ಇದಕ್ಕೆ ಹೆಚ್ಚಿನ ಶಕ್ತಿ ಬೇಡ, ನೆನಪು ಬೇಕು.

ಆರಂಭದ ಗೆರೆಯಲ್ಲಿ ಇನ್ನೊಂದು ಲೆಕ್ಕ. 4 ಕಿ.ಮೀ.ಯನ್ನು 16 ನಿಮಿಷದಲ್ಲಿ ಓಡುವವಳಿಗೆ ಪ್ರತಿ 400 ಮೀಟರಿಗೆ 96 ಸೆಕೆಂಡ್ ಸಿಗುತ್ತದೆ. ಶಿಳ್ಳೆ ಊದಿದೊಡನೆ ನುಗ್ಗಿ ಮೊದಲ 400 ಮೀಟರನ್ನು 80 ಸೆಕೆಂಡಿನಲ್ಲಿ ಮುಗಿಸಿದವಳು ಮೂರನೇ ಕಿಲೋಮೀಟರಿನಲ್ಲಿ ಬಡ್ಡಿ ಸಮೇತ ತೀರಿಸುತ್ತಾಳೆ. ತೀರಾ ಹಿಂದುಳಿದರೂ ಕಷ್ಟವೇ, ಹಾದಿ ಕಿರಿದಾದ ಮೇಲೆ ದಾಟಲು ಜಾಗವಿರುವುದಿಲ್ಲ. ಮೂರನೆಯವಳಿಗೆ ನಾಲ್ಕನೆಯವಳನ್ನು ಜೊತೆ ಮಾಡಿ, ಎರಡೂವರೆ ಕಿ.ಮೀ.ವರೆಗೆ ಬಿಟ್ಟುಹೋಗಬಾರದು ಎಂದು ಹಿಂದಿನ ದಿನವೇ ಹೇಳಿಡಿ. ಮೈ ಬಿಸಿ ಮಾಡಿಕೊಳ್ಳುವುದನ್ನು 45 ನಿಮಿಷ ಮೊದಲು ಶುರು ಮಾಡಿ, ಕೊನೆಯ ಬಿರುಸಿನ ಓಟವನ್ನು ಗೆರೆಗೆ ಬರುವ 5 ನಿಮಿಷ ಮೊದಲು ಮುಗಿಸಬೇಕು. ಮಳೆಯಲ್ಲಿ ಗೆರೆಯ ಮೇಲೆ ಕಾಯುವಾಗ ಮೈಮೇಲೆ ಸ್ವೆಟರೋ ಪ್ಲಾಸ್ಟಿಕ್ ಕೊಪ್ಪೆಯೋ ಇರಲಿ.

ಕಾಲಿಗೆ ಬರೋಣ. ಕೂಟಕ್ಕೆಂದು ದಾನಿಗಳು ಹೊಸ ಶೂ ಕೊಡಿಸುತ್ತಾರೆ, ಹಿಂದಿನ ದಿನ ಹಂಚುತ್ತಾರೆ, ಎರಡನೇ ಕಿಲೋಮೀಟರಿನಲ್ಲಿ ಹಿಮ್ಮಡಿಗೆ ಬೊಬ್ಬೆ. ಶೂ ಕೊಡುವುದಾದರೆ ಮೂರು ವಾರ ಮೊದಲು ಕೊಡಿ. ಬರಿಗಾಲಲ್ಲೇ ಓಡಿ ಬೆಳೆದವಳಿಗೆ ಕೂಟದ ದಿನ ಮೊದಲ ಬಾರಿ ಶೂ ತೊಡಿಸಬೇಡಿ. ಹುಲ್ಲಿನ ಹಾದಿಯಾದರೆ ಅವಳು ಹಾಗೆಯೇ ಓಡಲಿ. ಜಂಬಿಟ್ಟಿಗೆಯ ನುಚ್ಚು ತುಂಬಿದ ಹಾದಿ ಎಂದು ಮೊದಲೇ ಗೊತ್ತಿದ್ದರೆ ಶೂ ರೂಢಿ ಮಾಡಿಸಲೇಬೇಕು. ಮೊಳೆ ಶೂ ಇದ್ದವರಿಗೆ ಒಣ ಗಟ್ಟಿನೆಲಕ್ಕೆ 6 ಮಿ.ಮೀ., ಕೆಸರಿಗೆ 9 ಮಿ.ಮೀ. ಮೊಳೆ ಸಾಕು. ಲೇಸು ಎರಡು ಗಂಟು. ಒದ್ದೆ ಶೂವನ್ನು ಬಚ್ಚಲೊಲೆಯ ಮೇಲಿಟ್ಟರೆ ಅಂಟು ಬಿಟ್ಟು ಅಟ್ಟೆ ಕಳಚುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ಎರಡು ಗಂಟೆಗೊಮ್ಮೆ ಬದಲಿಸಿ ನೆರಳಲ್ಲಿಡಬೇಕು. (ಈ ಬಳಕೆಗೆ ಸಂಪಾದಕರು ಬೇಸರಿಸುವುದಿಲ್ಲ ಎಂದುಕೊಳ್ಳುತ್ತೇವೆ.)

ಹುಡುಗಿಯರ ತಂಡವಾದ್ದರಿಂದ ರಕ್ತದ ವಿಷಯ ಬಿಡುವಂತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಆಮ್ಲಜನಕ ಒಯ್ಯದಿದ್ದರೆ ಎಂಥ ತರಬೇತಿಯೂ ನಾಲ್ಕು ಕಿ.ಮೀ. ದಾಟಿಸುವುದಿಲ್ಲ. ಒಂದೇ ಸಮನೆ ನಿಧಾನವಾಗುತ್ತಿರುವ ಹುಡುಗಿಯನ್ನು ‘ಸೋಮಾರಿ’ ಎನ್ನುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಮಿಗಿಂತ ಕೆಳಗಿದ್ದರೆ ವೈದ್ಯರ ಮಾತಿನಂತೆ ಕಬ್ಬಿಣದ ಮಾತ್ರೆ ಬೇಕು. ಅದು ಕೆಲಸ ಮಾಡಲು ವಾರಗಟ್ಟಲೆ ಹಿಡಿಯುವುದರಿಂದ ಪರೀಕ್ಷೆ ಕೂಟಕ್ಕೆ ಎರಡು ತಿಂಗಳ ಮೊದಲೇ ಆಗಬೇಕು. ಕೊನೆಯ ವಾರ ಶುರು ಮಾಡಿದರೆ ಹೊಟ್ಟೆ ಕೆಡುವುದೊಂದೇ ಲಾಭ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ನುಂಗಿದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕ ಒಳ್ಳೆಯದು. ಮೂರು ತಿಂಗಳು ಮುಟ್ಟು ನಿಂತಿದ್ದರೆ ಓಡುವಷ್ಟು ಅವಳು ಉಣ್ಣುತ್ತಿಲ್ಲ ಎಂಬ ಸೂಚನೆ ಇರಬಹುದು, ಹೀಗೆ ಉಣ್ಣದೆ ಓಡಿದವರಿಗೇ ಮೂಳೆ ಬಿರುಕು ಬೇಗ. ಮೊಣಕಾಲ ಕೆಳಗಿನ ಮೂಳೆಯನ್ನು ಒಂದು ಬೆರಳಲ್ಲಿ ಒತ್ತಿ ನೋಡಿ. ಉದ್ದಕ್ಕೂ ಹರಡಿದ ನೋವಾದರೆ ಕೆಲವು ದಿನದ ಬಿಡುವಿನಲ್ಲಿ ಹೋದೀತು, ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ ಓಟ ನಿಲ್ಲಿಸಿ ವೈದ್ಯರಲ್ಲಿಗೆ. ಮುಟ್ಟಿನ ದಿನ ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊನೆಯ ಗಳಿಗೆಯಲ್ಲಿ ಯಾರೂ ಕೊಡಬಾರದು.

ಊಟದಲ್ಲಿ ಹೊಸ ಪ್ರಯೋಗ ಬೇಡ, ರಾತ್ರಿ ಅನ್ನ, ಸಾರು, ಪಲ್ಯ. ಬೆಳಿಗ್ಗೆ ಓಟಕ್ಕೆ ಎರಡೂವರೆ ಗಂಟೆ ಮೊದಲು ಗಂಜಿ ಅಥವಾ ಎರಡು ಇಡ್ಲಿ, ಒಂದು ಬಾಳೆಹಣ್ಣು. ತೊಂದರೆ ಬರುವುದು ಹೊಸನಗರ, ಸೊರಬದ ಒಳಹಳ್ಳಿಗಳಿಂದ ನಸುಕಿನಲ್ಲೇ ಹೊರಡುವ ಮಕ್ಕಳಿಗೆ. ತಿರುವಿನ ದಾರಿಯಲ್ಲಿ ವಾಂತಿಯಾಗುತ್ತದೆಂದು ಏನೂ ತಿನ್ನದೆ ಬರುತ್ತಾರೆ. ಅವರಿಗೆ ಬೆಲ್ಲ ಕಲಸಿದ ಅವಲಕ್ಕಿ ಕಟ್ಟಿಕೊಟ್ಟು, ವಾಹನದಲ್ಲಿ ಮುಂದಿನ ಸೀಟು ಕೊಡಿ. ಸಾಧ್ಯವಿದ್ದರೆ ಹಿಂದಿನ ರಾತ್ರಿಯೇ ಕರೆತನ್ನಿ. ಇನ್ನೊಂದು ಸಂಗತಿ: ಹುಡುಗಿಯರು ಬೆಳಗಿನಿಂದ ನೀರು ಮುಟ್ಟದಿರುವುದು ಬಾಯಾರಿಕೆ ಇಲ್ಲದೆ ಅಲ್ಲ, ಮೈದಾನದಲ್ಲಿ ಶೌಚಾಲಯ ಇಲ್ಲದೆ. ಆರಂಭದ ಗೆರೆಯ ಹತ್ತಿರ ಚಿಲಕ ಇರುವ, ನೀರಿರುವ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಪ್ಯಾಡ್, ಒಬ್ಬ ಶಿಕ್ಷಕಿ. ಸಂಘಟಕರು ವೇದಿಕೆಯ ಶಾಮಿಯಾನಕ್ಕಿಂತ ಮೊದಲು ನೋಡಬೇಕಾದ್ದು ಇದನ್ನು.

ಸಂಘಟಕರಿಗೆ ಇನ್ನೂ ಹೇಳುವುದಿದೆ. ಗುಡ್ಡಗಾಡು ಓಟ ಎಂದು ಹೆಸರಿಟ್ಟು ಡಾಂಬರು ರಸ್ತೆಯಲ್ಲಿ ಓಡಿಸುವುದನ್ನು ಬಿಡಬೇಕು. ಗುಡ್ಡವೇ ಇಲ್ಲದ ಊರಿನವರು ಮಾಡಿದರೆ ಅರ್ಥವಾದೀತು, ಮಲೆನಾಡಿನಲ್ಲಿ ಮಾಡಿದರೆ ನಗೆಪಾಟಲು. ಅಂತರರಾಷ್ಟ್ರೀಯ ನಿಯಮ ಹೇಳುವುದು ಆದಷ್ಟೂ ಹುಲ್ಲು ಹೊದ್ದ ನೆಲ, 1,500ರಿಂದ 2,000 ಮೀಟರಿನ ಸುತ್ತು, ಮೊದಲ 300 ಮೀಟರಿನಲ್ಲಿ ಇಕ್ಕಟ್ಟು ಇರಕೂಡದು, ರಸ್ತೆ ದಾಟುವುದು ಅನಿವಾರ್ಯವಾದರೆ ಅಲ್ಲಿ ಮಣ್ಣೋ ಚಾಪೆಯೋ ಹಾಸಬೇಕು. ಇಂಥ ನೆಲ ನಮ್ಮಲ್ಲಿ ಬೇಕಾದಷ್ಟಿದೆ: ಹಳ್ಳಿಗಳ ಬ್ಯಾಣಗಳು (ಹುಲ್ಲುಗಾವಲುಗಳು), ಕಾಲುವೆ ಏರಿಗಳು, ಶಂಕರಘಟ್ಟದ ವಿಶ್ವವಿದ್ಯಾಲಯದ ಆವರಣ, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದ ಆವರಣ. ಅನುಮತಿ ಕೇಳುವ ಕೆಲಸ ಒಂದೇ ಬಾಕಿ. ಗದ್ದೆ ಬದು, ಅಡಿಕೆ ದಬ್ಬೆಯ ಸಂಕ, ಧರೆಯ ಅಂಚು ಬೇಡ. ಪಾಚಿ ಕಟ್ಟಿದ ಜಂಬಿಟ್ಟಿಗೆ ಹಾಸು ಮಂಜುಗಡ್ಡೆಯಂತೆ ಜಾರುತ್ತದೆ, ಅಂಥ ಕಡೆ ಹಾದಿಯನ್ನೇ ತಿರುಗಿಸಿ. ಸುಣ್ಣದ ಗೆರೆ ಮಳೆಗೆ ತೊಳೆದುಹೋಗುವುದರಿಂದ ಎರಡೂ ಬದಿಗೆ ಟೇಪು ಕಟ್ಟಿ, ಪ್ರತಿ ತಿರುವಿನಲ್ಲಿ ಒಬ್ಬರು ನಿಲ್ಲಲಿ. ಮುಂದೆ ಹೋಗುವವರು ಸೈಕಲ್ ಹಿಡಿಯಲಿ, ಬೈಕಿನ ಹೊಗೆ ಮಕ್ಕಳ ಮುಖಕ್ಕೆ ಬೇಡ. ಮರಗಳ ಕೆಳಗೆ ಮೊಬೈಲಿನ ದೂರ ನಂಬುವಂಥದ್ದಲ್ಲ. ಟೇಪಿನಿಂದ ಅಳೆದ 100 ಮೀಟರಿನಲ್ಲಿ ಸೈಕಲ್ ಚಕ್ರ ಎಷ್ಟು ಸುತ್ತು ತಿರುಗುತ್ತದೆಂದು ಎಣಿಸಿಕೊಂಡು, ಆ ಲೆಕ್ಕದಲ್ಲಿ ಹಾದಿ ಅಳೆಯಿರಿ.

ನವೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಕಾಡಂಚಿನಲ್ಲಿ ಅಭ್ಯಾಸ ಮಾಡಿಸುವವರು ಉಣುಗನ್ನು ಮರೆಯಬಾರದು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಉಳಿದ ಕಡೆಯೂ ತರಗೆಲೆಯ ದಾರಿ ಬಿಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಸಿ, ಮನೆಗೆ ಹೋದ ಮೇಲೆ ಬಿಸಿನೀರು ಸೋಪಿನ ಸ್ನಾನ, ಮೈಯೆಲ್ಲ ಹುಡುಕಿ ನೋಡುವುದು. ಜ್ವರ ಬಂದರೆ ಓಟವಿಲ್ಲ, ನೇರ ಆಸ್ಪತ್ರೆಗೆ. ಮಳೆಗಾಲದ ಇಂಬಳ ರಕ್ತ ಕುಡಿದು ಬಿಡುತ್ತದೆ ಅಷ್ಟೆ, ಅದಕ್ಕೆ ಹೆದರಬೇಕಿಲ್ಲ.

ಕೊನೆಗೆ ಗುರಿಯ ಗೆರೆ. ತಂಡದ ಅಂಕ ಕೆಡುವುದು ಇಲ್ಲೇ. ಮೊದಲ ಹತ್ತು ಜನರನ್ನು ಎಲ್ಲರೂ ಸರಿಯಾಗಿ ಬರೆದುಕೊಳ್ಳುತ್ತಾರೆ, ಆಮೇಲೆ ಚಪ್ಪಾಳೆ, ಫೋಟೊ, ಗದ್ದಲ. 30ರಿಂದ 60ರವರೆಗಿನ ಹುಡುಗಿಯರು ಒಟ್ಟಿಗೆ ನುಗ್ಗಿದಾಗ ಯಾರು ಎಷ್ಟನೆಯವರೆಂದು ಯಾರಿಗೂ ಗೊತ್ತಿರುವುದಿಲ್ಲ. ಗೆರೆ ದಾಟಿದ ಮೇಲೆ ಒಬ್ಬರೇ ಹೋಗುವಷ್ಟು ಅಗಲದ, ಹಗ್ಗ ಕಟ್ಟಿದ 20 ಮೀಟರ್ ದಾರಿ ಮಾಡಿ. ಅಲ್ಲಿ ಯಾರೂ ಯಾರನ್ನೂ ದಾಟಬಾರದು. ಕುಸಿದವಳನ್ನು ಎತ್ತಿಕೊಳ್ಳಲು ಇಬ್ಬರು ಶಿಕ್ಷಕಿಯರು ಒಳಗಿರಲಿ, ಆದರೆ ಅವಳ ಎದೆಸಂಖ್ಯೆ ಬರೆದುಕೊಂಡೇ ಹೊರಗೆ ಕರೆದೊಯ್ಯಲಿ. ದಾರಿಯ ಕೊನೆಯಲ್ಲಿ 1ರಿಂದ ಅನುಕ್ರಮವಾಗಿ ಬರೆದ ಚೀಟಿಗಳನ್ನು ಒಬ್ಬರು ಕೊಡಬೇಕು, ಇನ್ನೊಬ್ಬರು ಎದೆಸಂಖ್ಯೆಯನ್ನು ಅದೇ ಕ್ರಮದಲ್ಲಿ ಬರೆಯಬೇಕು. ಚೀಟಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ, ಒದ್ದೆ ಕೈಯಲ್ಲಿ ಶಾಯಿ ಕಲಸುತ್ತದೆ. ಗೆರೆಯ ಪಕ್ಕದಲ್ಲಿ ಒಂದು ಮೊಬೈಲನ್ನು ಕೋಲಿಗೆ ಕಟ್ಟಿ ಮೊದಲನೆಯವಳಿಂದ ಕೊನೆಯವಳವರೆಗೆ ವಿಡಿಯೊ ಮಾಡಬೇಕು. ಆಕ್ಷೇಪಣೆಯ ಅವಧಿ ಮುಗಿದು ತಂಡಗಳ ಅಂಕಪಟ್ಟಿಗೆ ಸಹಿ ಬೀಳುವವರೆಗೆ ಅದನ್ನು ಅಳಿಸಬಾರದು.

– ದೈಹಿಕ ಶಿಕ್ಷಣ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು