ಮಗಳಿಗೊಂದು ಪತ್ರ: ತಾತನ ಹರಕೆ ಪುಸ್ತಕ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ತಾತ ಯಾಕಮ್ಮ ಅಷ್ಟೊಂದು ದೇವಸ್ಥಾನ ಸುತ್ತುತ್ತಿದ್ರು?" ಅಂತ. ಆಗ ಮನೆ ತುಂಬ ತಿಥಿಗೆ ಬಂದ ನೆಂಟರು, ಉತ್ತರ ಹೇಳೋಕೆ ಆಗಲಿಲ್ಲ. ಈಗ ಎಲ್ಲರೂ ಊರು ಸೇರಿದ್ದಾರೆ. ರಜಾ ಸಿಗಲಿಲ್ಲ, ಬರೋಕಾಗಲಿಲ್ಲ ಅಂತ ಇನ್ನೂ ಕೊರಗಬೇಡ.

ನಿನಗೆ ಗೊತ್ತಿರುವುದು ಪಿಂಚಣಿ ತಾತ. ಐದಕ್ಕೇ ಎದ್ದು ತಣ್ಣೀರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಿನ್ನ ಕೈಗೆ ಕಲ್ಲುಸಕ್ಕರೆ ಇಡುತ್ತಿದ್ದವರು. ನಾನು ನೋಡಿ ಬೆಳೆದದ್ದು ಖಾಕಿ ಬಟ್ಟೆಯ ಅಪ್ಪನನ್ನು. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯರೋಗದ ಆಸ್ಪತ್ರೆ ಪಿಕೆಟಿಬಿಯಲ್ಲಿ ವಾರ್ಡ್ ಅಟೆಂಡರ್. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡಿದ್ದರು. ಅವರ ನೆನಪಿಗೆ 1921ರಲ್ಲಿ ಕಟ್ಟಿಸಿದ ಆಸ್ಪತ್ರೆ ಅದು. ಅರಮನೆಯವರನ್ನೂ ಬಿಡದ ಕಾಯಿಲೆ ಅಂತ ಅಪ್ಪ ಆಗಾಗ ಹೇಳುತ್ತಿದ್ದರು.

ಆಗ ಟಿಬಿ ಅಂದರೆ ಜನ ಹೆಸರು ಹೇಳೋಕೂ ಹೆದರುತ್ತಿದ್ದರು. ಒಂದೂವರೆ ವರ್ಷ ಮಾತ್ರೆ, ಅದರ ಜೊತೆ ಶುರುವಿನಲ್ಲಿ ತಿಂಗಳುಗಟ್ಟಲೆ ದಿನಾ ಸ್ಟ್ರೆಪ್ಟೊಮೈಸಿನ್ ಸೂಜಿ. ಆ ಸೂಜಿಗೆ ಕೆಲವರ ಕಿವಿಯೇ ಮಂದವಾಗುತ್ತಿತ್ತು. ಅಪ್ಪ ಮನೆಯಲ್ಲೂ ಎದುರಿಗೆ ನಿಂತು, ಬಾಯಿ ಬಿಡಿಸಿ, ಜೋರಾಗಿ ಮಾತಾಡುತ್ತಿದ್ದದ್ದು ಅದೇ ಅಭ್ಯಾಸದಿಂದ. ಎಷ್ಟೋ ಜನರನ್ನು ಮನೆಯವರು ಸೇರಿಸಿ ಹೋದರೆ ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಕಫದ ಡಬ್ಬಿ ತೊಳೆಯುವುದು, ಮೈ ಒರೆಸುವುದು, ಮಂಚವನ್ನು ಎಳೆಬಿಸಿಲಿಗೆ ಎಳೆಯುವುದು, ಗಂಜಿ ಕುಡಿಸುವುದು, ಎಲ್ಲ ಅಪ್ಪನ ಕೆಲಸ. ಸಂಜೆ ಮನೆಗೆ ಬಂದರೆ ಹಿತ್ತಲಿನಿಂದಲೇ ಬಚ್ಚಲಿಗೆ ಹೋಗುತ್ತಿದ್ದರು. ಸ್ನಾನ ಆಗುವವರೆಗೆ ನಮ್ಮನ್ನು ಮುಟ್ಟುತ್ತಿರಲಿಲ್ಲ. ಫಿನಾಯಿಲ್ ವಾಸನೆ ಮಾತ್ರ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ನನಗೆ ಈಗಲೂ ಅದು ಅಪ್ಪನ ವಾಸನೆಯೇ.

ಅಪ್ಪನ ಕೆಲಸ ಯಾವುದು ಅಂತ ತಿಳಿದ ಮೇಲೆ ಒಬ್ಬ ಮಾಲೀಕರು ಬಾಡಿಗೆ ಮನೆ ಖಾಲಿ ಮಾಡಿಸಿದರು. ಅಪ್ಪ ಒಂದು ಮಾತೂ ಆಡಲಿಲ್ಲ. ಗಾಡಿಗೆ ಸಾಮಾನು ಹೇರಿಸಿ, ಆ ಮನೆಯ ಹೊಸ್ತಿಲಿಗೆ ಕೈಮುಗಿದು ಬಂದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ನೀನು ಕೇಳಿದ್ದು. ಹಾಸಿಗೆ ಹಿಡಿದವರು ಹರಕೆ ಹೊರುತ್ತಾರಲ್ವಾ? ವಾಸಿಯಾದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ, ನಂಜುಂಡೇಶ್ವರನಿಗೆ ಮುಡಿ ಕೊಡುತ್ತೇನೆ ಅಂತ. ಕೆಲವರು ವಾಸಿಯಾಗುತ್ತಿದ್ದರು, ಆದರೆ ಮೆಟ್ಟಿಲು ಹತ್ತುವಷ್ಟು ಉಸಿರು ಉಳಿದಿರುತ್ತಿರಲಿಲ್ಲ. ಕೆಲವರು ಹೋಗಿಬಿಡುತ್ತಿದ್ದರು. ಕೊನೆಗಾಲದಲ್ಲಿ ಅವರಿಗೆ ಅದೇ ಚಿಂತೆ, ದೇವರಿಗೆ ಕೊಟ್ಟ ಮಾತು ಹಾಗೇ ಉಳಿಯಿತಲ್ಲ ಅಂತ. ಅಪ್ಪ ಕೈ ಹಿಡಿದುಕೊಂಡು, "ನಾನು ತೀರಿಸ್ತೀನಿ, ನೀವು ಮಲಗಿ" ಅನ್ನುತ್ತಿದ್ದರಂತೆ. ಅಂದಿದ್ದನ್ನು ಮಾಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದೇ ವರ್ಷದಲ್ಲಿ ಮೂರು ಸಲ ತಲೆ ಬೋಳಿಸಿಕೊಂಡು ಬಂದರು. ಕಪಿಲೆಯಲ್ಲಿ ಮುಳುಗಿ, ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಂಜನಗೂಡಿನಿಂದ ಬರುವ ಅಪ್ಪನನ್ನು ಬೀದಿಯವರು "ಯಾರು ಹೋದ್ರು?" ಅಂತ ಕೇಳುತ್ತಿದ್ದರು. "ನಮ್ಮೋರೇ" ಅನ್ನುತ್ತಿದ್ದರು ಅಪ್ಪ. ನನ್ನ ಗೆಳತಿಯರ ಮುಂದೆ ಬರಬೇಡಿ ಅಂತ ಒಂದು ಸಲ ಹೇಳಿಬಿಟ್ಟೆ. ಆಮೇಲೆ ಕೂದಲು ಬರುವವರೆಗೆ ಅಪ್ಪ ಟೋಪಿ ಹಾಕಿಕೊಂಡು ಓಡಾಡಿದರು. ಆ ಮಾತಿಗೆ ಕ್ಷಮೆ ಕೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆ, ಕೇಳಲಿಲ್ಲ ಪುಟ್ಟಿ.

ಟ್ರಂಕಿನಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತು. ನಾಲ್ಕನೇ ಕ್ಲಾಸ್ ಓದಿದ ಕೈಯ ದುಂಡು ಅಕ್ಷರ. ಯಾರ ಹೆಸರೂ ಇಲ್ಲ. "ಬೆಡ್ 14, ಹುಣಸೂರು ಕಡೆ, ಮುಡಿ." "ಬೆಡ್ 6, ಬೆಟ್ಟದ ಮೆಟ್ಟಿಲು, ಆಷಾಢ ಶುಕ್ರವಾರ." ತೀರಿಸಿದ ಹರಕೆಯ ಪಕ್ಕದಲ್ಲಿ ಉಂಗುರದ ಬೆರಳಿನಿಂದ ಒತ್ತಿದ ಕುಂಕುಮ. ಹಳೆಯದು ಕಂದು ಬಣ್ಣಕ್ಕೆ ತಿರುಗಿದೆ, ಆದರೂ ಬೆರಳಿನ ಗೆರೆ ಕಾಣುತ್ತದೆ. ಒಂದು ಕಡೆ "ಬೆಡ್ 9, ಫಿಲೋಮಿನಾ ಚರ್ಚು, ದೊಡ್ಡ ಮೇಣದಬತ್ತಿ" ಅಂತಿದೆ. ಅದರ ಪಕ್ಕದಲ್ಲೂ ಕುಂಕುಮವೇ. ಪುಟಗಳನ್ನೆಲ್ಲ ಎರಡು ಸಲ ಹುಡುಕಿದೆ. ಅಪ್ಪ ತಮಗಾಗಿ, ನಮಗಾಗಿ ಬರೆದುಕೊಂಡ ಹರಕೆ ಒಂದೂ ಇಲ್ಲ.

ಕೊನೆಯ ಪುಟದಲ್ಲಿ ಒಂದು ಸಾಲಿಗೆ ಮಾತ್ರ ಕುಂಕುಮ ಬಿದ್ದಿಲ್ಲ. "ಬೆಡ್ 22, ಕೊಳ್ಳೇಗಾಲ ಕಡೆ, ಮಾದಪ್ಪನ ಬೆಟ್ಟ, ನಡೆದು." ನಿವೃತ್ತಿಯಾಗುವ ಹೊತ್ತಿಗೆ ಅಪ್ಪನ ಮಂಡಿ ಕೈಕೊಟ್ಟಿತ್ತು, ನಿನಗೇ ಗೊತ್ತಲ್ಲ. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಾಗಲೆಲ್ಲ ಯಾಕೆ ಬೇಡ ಅನ್ನುತ್ತಿದ್ದರು ಅಂತ ನನಗೆ ಈಗ ಅರ್ಥವಾಯಿತು.

ತಾಳಬೆಟ್ಟದಿಂದ ಮೇಲಕ್ಕೆ ಸುಮಾರು 18 ಕಿಲೋಮೀಟರ್ ನಡೆಯಬೇಕು. ದೀಪಾವಳಿಗೆ ನಾಲ್ಕು ದಿನ ಜಾಸ್ತಿ ರಜಾ ಹಾಕಿ ಬಾ. ಪುಸ್ತಕ ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ.

ನಿನ್ನ
ಅಮ್ಮ